ಪೌಂಡಿಗೆಷ್ಟು?

ಒಂದು ಪೌಂಡನ್ನು ಮೂವರಿಗೆ ಸಮನಾಗಿ ಹಂಚಬೇಕು. ಇವತ್ತಿನ ಲಂಡನ್ನಿನಲ್ಲಿ ತಲೆಗೆ ಮೂವತ್ತಮೂರು ಪೆನ್ಸ್ ಕೊಟ್ಟರೆ ಒಂದು ಪೆನ್ನಿ ಉಳಿಯುತ್ತದೆ. ಅದು ಯಾರದು ಅಂತ ತಕರಾರು. 1970ರಲ್ಲಾಗಿದ್ದರೆ ತಲಾ ಆರು ಶಿಲ್ಲಿಂಗ್ ಎಂಟು ಪೆನ್ಸ್, ಬಿಡಿಕಾಸೂ ಉಳಿಯುತ್ತಿರಲಿಲ್ಲ. ಆರು ಮಂದಿಗೆ ಮೂರು ಶಿಲ್ಲಿಂಗ್ ನಾಲ್ಕು ಪೆನ್ಸ್, ಎಂಟು ಮಂದಿಗೆ ಎರಡೂವರೆ ಶಿಲ್ಲಿಂಗ್, ಹನ್ನೆರಡಕ್ಕೆ ಒಂದು ಶಿಲ್ಲಿಂಗ್ ಎಂಟು ಪೆನ್ಸ್, ಹದಿನಾರಕ್ಕೆ ಒಂದೂಕಾಲು ಶಿಲ್ಲಿಂಗ್. ಏಳು ಮಂದಿ ಬಂದು ಕೂತರೆ ಮಾತ್ರ ಲೆಕ್ಕ ಕೈಕೊಡುತ್ತಿತ್ತು. ಅದಕ್ಕೂ ಇಂಗ್ಲಿಷರ ಹತ್ತಿರ ಒಂದು ಉಪಾಯವಿತ್ತು, ಮುಂದೆ ಹೇಳುತ್ತೇನೆ.

ಹಳೆಯ ಲೆಕ್ಕ ಗೊತ್ತಿಲ್ಲದವರಿಗೆ ಇಷ್ಟು ಸಾಕು: ಹನ್ನೆರಡು ಪೆನ್ಸಿಗೆ ಒಂದು ಶಿಲ್ಲಿಂಗ್, ಇಪ್ಪತ್ತು ಶಿಲ್ಲಿಂಗಿಗೆ ಒಂದು ಪೌಂಡ್. ಪೌಂಡಿಗೆ 240 ಪೆನ್ಸ್ ಆಯಿತು. ಪೆನ್ನಿಯ ಕಾಲುಭಾಗ ಫಾರ್ದಿಂಗ್, ಪೌಂಡಿಗೆ 960. ಒಂದು ಪೌಂಡ್ ತೂಕದ ಬೆಳ್ಳಿಯಿಂದ 240 ನಾಣ್ಯ ಟಂಕಿಸುವ ಪದ್ಧತಿ ಯುರೋಪಿನಲ್ಲಿ ನೆಲೆಯಾದದ್ದು ಎಂಟನೇ ಶತಮಾನದ ಕೊನೆಗೆ, ಷಾರ್ಲಮೇನ್ ದೊರೆಯ ಕಾಲದಲ್ಲಿ. ಯುರೋಪಿನ ಉಳಿದ ದೊಡ್ಡ ದೇಶಗಳೆಲ್ಲ ಅದನ್ನು ಬಿಟ್ಟು ಎಷ್ಟೋ ಕಾಲವಾದರೂ ಬ್ರಿಟನ್ 1971ರ ಫೆಬ್ರುವರಿ 15ರವರೆಗೆ ಬಿಡಲಿಲ್ಲ.

ಹಳೇ ಕಾಲದವರ ಹಠ ಎಂದು ಇದನ್ನು ತಳ್ಳಿಹಾಕುವುದು ಸುಲಭ. ಆದರೆ 240ನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು ಇಪ್ಪತ್ತು. 100ನ್ನು ಭಾಗಿಸುವವು ಒಂಬತ್ತೇ. ನೂರಕ್ಕೆ ಮೂರು ಬಾರದು, ಆರು ಬಾರದು, ಎಂಟೂ ಬಾರದು. ಮನೆ, ಅಂಗಡಿ, ಸಂತೆಗಳಲ್ಲಿ ದಿನಾ ಬೇಕಾಗುವ ಭಾಗಾಕಾರಗಳೇ ಇವು. ಹಂಚುವುದಕ್ಕೆ ಹಳೆಯ ಪೌಂಡು, ಹೋಲಿಸುವುದಕ್ಕೆ ಹೊಸ ಪೌಂಡು ಎಂಬುದು ನನ್ನ ಪಕ್ಷ. ಭಿನ್ನರಾಶಿಯನ್ನು ಮೊದಲನೆಯದರಲ್ಲೂ ಶೇಕಡಾವನ್ನು ಎರಡನೆಯದರಲ್ಲೂ ಕಲಿಯುವಂತಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅನ್ನಿಸುತ್ತದೆ.

ಭಿನ್ನರಾಶಿಗಳು ಅಲ್ಲಿನವರ ಜೇಬಿನಲ್ಲೇ ಇದ್ದವು. ಹತ್ತು ಶಿಲ್ಲಿಂಗಿನ ನೋಟು ಅರ್ಧ ಪೌಂಡ್. ಕ್ರೌನ್ ಕಾಲು ಪೌಂಡ್, ಹಾಫ್ ಕ್ರೌನ್ ಎಂಟನೇ ಒಂದು, ಫ್ಲಾರಿನ್ ಹತ್ತನೇ ಒಂದು, ಶಿಲ್ಲಿಂಗ್ ಇಪ್ಪತ್ತನೇ ಒಂದು, ಆರು ಪೆನ್ಸಿನ ಬಿಲ್ಲೆ ನಲವತ್ತನೇ ಒಂದು. ತೂಕವೂ ಇದೇ ಲೆಕ್ಕಕ್ಕೆ ಸರಿಯಾಗಿತ್ತು. ಆರು ಪೆನ್ಸಿನ ಬಿಲ್ಲೆ 2.83 ಗ್ರಾಂ, ಶಿಲ್ಲಿಂಗ್ ಅದರ ಎರಡರಷ್ಟು, ಫ್ಲಾರಿನ್ ನಾಲ್ಕರಷ್ಟು, ಹಾಫ್ ಕ್ರೌನ್ ಐದರಷ್ಟು. ಈ ನಾಲ್ಕನ್ನೂ ಬೆರೆಸಿ ಒಂದೇ ಚೀಲಕ್ಕೆ ತುಂಬಿ ತಕ್ಕಡಿಗೆ ಹಾಕಿದರೂ ಮೊತ್ತ ಹೇಳಬಹುದಿತ್ತು. ಇನ್ನೂ ಹಿಂದಕ್ಕೆ ಹೋದರೆ ಭಿನ್ನರಾಶಿಯನ್ನು ಕತ್ತರಿಯಲ್ಲೇ ಮಾಡುತ್ತಿದ್ದರು. ಮಧ್ಯಯುಗದ ಬೆಳ್ಳಿ ಪೆನ್ನಿಯ ಹಿಂಬದಿಯಲ್ಲಿ ಒಂದು ಶಿಲುಬೆ ಇರುತ್ತಿತ್ತು. ಅದರ ಗೆರೆ ಹಿಡಿದು ಕತ್ತರಿಸಿದರೆ ಅರ್ಧ, ಮತ್ತೊಮ್ಮೆ ಕತ್ತರಿಸಿದರೆ ಕಾಲು. ಬೆರಳತುದಿಯಲ್ಲಿ ಹಿಡಿಯಲೂ ಕಷ್ಟವಾಗುವ ಆ ತ್ರಿಕೋನದ ಚೂರುಗಳು ಇಂಗ್ಲೆಂಡಿನ ಹೊಲಗಳಲ್ಲಿ ಈಗಲೂ ಸಿಗುತ್ತವೆ. ಅರ್ಧ ಪೆನ್ನಿ ಮತ್ತು ಫಾರ್ದಿಂಗನ್ನು ದುಂಡಗಿನ ನಾಣ್ಯವಾಗಿಯೇ ಟಂಕಿಸುವುದು ವಾಡಿಕೆಯಾದದ್ದು ಒಂದನೇ ಎಡ್ವರ್ಡ್ ದೊರೆಯ ಕಾಲದಿಂದ, 1279ರ ಸುಮಾರಿಗೆ.

ಈಗ ಆ ಏಳು ಮಂದಿಯ ವಿಚಾರ. ಗಿನಿ ಎಂಬ ಚಿನ್ನದ ನಾಣ್ಯ 1663ರಲ್ಲಿ ಬಂತು. ಚಿನ್ನದ ಬೆಲೆಯೊಂದಿಗೆ ಏರಿಳಿಯುತ್ತಿದ್ದ ಅದನ್ನು 1717ರಲ್ಲಿ ಇಪ್ಪತ್ತೊಂದು ಶಿಲ್ಲಿಂಗಿಗೆ ನಿಲ್ಲಿಸಿದರು. ಆಗ ಟಂಕಸಾಲೆಯ ಮುಖ್ಯಸ್ಥನಾಗಿದ್ದವನು ಐಸಾಕ್ ನ್ಯೂಟನ್. ಇಪ್ಪತ್ತೊಂದನ್ನು ಏಳರಿಂದ ಭಾಗಿಸಿದರೆ ಮೂರು ಶಿಲ್ಲಿಂಗ್. ಒಂಬತ್ತರಿಂದ ಭಾಗಿಸಿದರೆ ಎರಡು ಶಿಲ್ಲಿಂಗ್ ನಾಲ್ಕು ಪೆನ್ಸ್. ಪೌಂಡಿಗೆ ಬಗ್ಗದ ಎರಡು ಸಂಖ್ಯೆಗಳು ಗಿನಿಗೆ ಬಗ್ಗಿದವು. ಇದು ಯಾರೂ ಯೋಜಿಸಿ ಮಾಡಿದ್ದಲ್ಲ, ಕೂಡಿಬಂದದ್ದು. ನಾಣ್ಯ ಹತ್ತೊಂಬತ್ತನೇ ಶತಮಾನದ ಆರಂಭದಲ್ಲೇ ನಿಂತರೂ ವೈದ್ಯರು, ವಕೀಲರು ಶುಲ್ಕವನ್ನು ಗಿನಿಯಲ್ಲೇ ಕೇಳುತ್ತಿದ್ದರು. ಅಂಗಡಿಯವನಂತೆ ಪೌಂಡಿನಲ್ಲಿ ಕೇಳಿದರೆ ಘನತೆಗೆ ಕಡಿಮೆ! ನ್ಯೂಮಾರ್ಕೆಟ್ಟಿನ ಟ್ಯಾಟರ್‌ಸಾಲ್ಸ್ ಸಂಸ್ಥೆಯ ಕುದುರೆ ಹರಾಜಿನಲ್ಲಿ ಕೂಗುವುದು ಇವತ್ತಿಗೂ ಗಿನಿಯಲ್ಲೇ. ಹಳೆಯ ಏರ್ಪಾಡಿನಲ್ಲಿ ಪ್ರತಿ ಗಿನಿಯಿಂದ ಪೌಂಡು ಕುದುರೆಯ ಒಡೆಯನಿಗೆ, ಶಿಲ್ಲಿಂಗು ಹರಾಜುಗಾರನಿಗೆ. ಆ ಕಮಿಷನ್ ಶೇಕಡಾ ಎಷ್ಟು? ಮಾರಿದವನು ತನ್ನ ಕೈಗೆ ಬಂದ ಹಣ ನೋಡಿ ಶೇ 5 ಅನ್ನುತ್ತಾನೆ. ಕೊಂಡವನು ತಾನು ಕೊಟ್ಟ ಹಣ ನೋಡಿ ಶೇ 4.76 ಅನ್ನುತ್ತಾನೆ. ಇಬ್ಬರೂ ಸರಿ. ಈ ಒಂದು ಶಿಲ್ಲಿಂಗನ್ನು ನೆನಪಿಟ್ಟುಕೊಳ್ಳಿ. ಶೇಕಡಾ ಲೆಕ್ಕದಲ್ಲಿ ಜನ ಎಡವುವುದೆಲ್ಲ ಇಲ್ಲಿಯೇ.

ಅಂಗಡಿ ಲೆಕ್ಕದ ಸೊಗಸೆಲ್ಲ ಹನ್ನೆರಡರಲ್ಲಿತ್ತು. ಒಂದಕ್ಕೆ ಎಷ್ಟು ಪೆನ್ಸೋ ಡಜನ್ನಿಗೆ ಅಷ್ಟೇ ಶಿಲ್ಲಿಂಗ್. ಮೊಟ್ಟೆ ಒಂದಕ್ಕೆ ನಾಲ್ಕು ಪೆನ್ಸ್ ಆದರೆ ಡಜನ್ನಿಗೆ ನಾಲ್ಕು ಶಿಲ್ಲಿಂಗ್. ಗುಣಾಕಾರವೇ ಇಲ್ಲ. ಏಳೂವರೆ ಪೆನ್ಸಿನ ಸಾಮಾನು ನಲವತ್ತೆಂಟು ಬೇಕೆ? ನಾಲ್ಕು ಡಜನ್, ಏಳೂವರೆಯ ನಾಲ್ಕರಷ್ಟು ಮೂವತ್ತು ಶಿಲ್ಲಿಂಗ್, ಒಂದೂವರೆ ಪೌಂಡ್. ಹಾಗೆಯೇ ಒಂದಕ್ಕೆ ಎಷ್ಟು ಶಿಲ್ಲಿಂಗೋ ಇಪ್ಪತ್ತಕ್ಕೆ ಅಷ್ಟು ಪೌಂಡ್. ದಿನಕ್ಕೊಂದು ಪೆನ್ನಿ ಖರ್ಚು ಮಾಡಿದರೆ ವರ್ಷಕ್ಕೆಷ್ಟು ಅಂದರೆ, 365ನ್ನು 240, 120, 5 ಎಂದು ಒಡೆದು ಒಂದು ಪೌಂಡ್, ಅರ್ಧ ಪೌಂಡ್, ಐದು ಪೆನ್ಸ್ ಅನ್ನುತ್ತಿದ್ದರು.

ಶಾಲೆಯಲ್ಲಿ ಕಲಿಸುತ್ತಿದ್ದ ದೊಡ್ಡ ವಿದ್ಯೆ ಎಂದರೆ ಬೆಲೆ ಕಂಡ ಕೂಡಲೇ ಅದು ಪೌಂಡಿನ ಎಷ್ಟನೇ ಪಾಲು ಎಂದು ಗುರುತಿಸುವುದು. ಗಜಕ್ಕೆ ಮೂರು ಶಿಲ್ಲಿಂಗ್ ನಾಲ್ಕು ಪೆನ್ಸಿನ ಬಟ್ಟೆ ಹದಿನೇಳು ಗಜ. ಪೆನ್ಸಿಗಿಳಿಸಿ ಗುಣಿಸಿ ಮತ್ತೆ ಪೌಂಡಿಗೇರಿಸುವವನು ದಡ್ಡ. ಜಾಣನಿಗೆ ಆ ಬೆಲೆ ಪೌಂಡಿನ ಆರನೇ ಒಂದು ಪಾಲಾಗಿ ಕಾಣುತ್ತದೆ. ಹದಿನೇಳನ್ನು ಆರರಿಂದ ಭಾಗಿಸಿದರೆ ಎರಡು ಪೂರ್ಣ, ಆರರಲ್ಲಿ ಐದು ಪಾಲು ಉಳಿಕೆ. ಎರಡು ಪೌಂಡ್ ಹದಿನಾರು ಶಿಲ್ಲಿಂಗ್ ಎಂಟು ಪೆನ್ಸ್. ಬಟ್ಟೆ ಅಂಗಡಿಯವರು ಬೆಲೆಯ ಬಾಲಕ್ಕೆ ಹನ್ನೊಂದೂ ಮುಕ್ಕಾಲು ಪೆನ್ಸ್ ಅಂಟಿಸುತ್ತಿದ್ದರು, ನಮ್ಮ 99 ರೂಪಾಯಿಯ ಚಾಳಿಯಂತೆಯೇ. ಗಜಕ್ಕೆ ಎರಡು ಶಿಲ್ಲಿಂಗ್ ಹನ್ನೊಂದೂ ಮುಕ್ಕಾಲು ಪೆನ್ಸಿನಂತೆ ಇಪ್ಪತ್ತಮೂರು ಗಜ ಎಂದರೆ ಬೆವರು ಬರುತ್ತದೆ. ಅದನ್ನು ಮೂರು ಶಿಲ್ಲಿಂಗಿಗೆ ಒಂದು ಫಾರ್ದಿಂಗ್ ಕಡಿಮೆ ಅಂದುಕೊಂಡರೆ ಅರವತ್ತೊಂಬತ್ತು ಶಿಲ್ಲಿಂಗಿನಲ್ಲಿ ಐದೂ ಮುಕ್ಕಾಲು ಪೆನ್ಸ್ ಕಳೆದರಾಯಿತು.

ಶೇಕಡಾ ಎಂಬುದನ್ನು ಅಲ್ಲಿನ ಸಾಮಾನ್ಯ ಜನ ಹೆಚ್ಚಾಗಿ ಬಳಸುತ್ತಿರಲಿಲ್ಲ. ಅವರು ಕೇಳುತ್ತಿದ್ದದ್ದು ‘ಪೌಂಡಿಗೆಷ್ಟು’ ಎಂದು. ಪೌಂಡಿಗೆ ಒಂದು ಶಿಲ್ಲಿಂಗ್ ಎಂದರೆ ಶೇ 5. ಆರು ಪೆನ್ಸ್ ಎಂದರೆ ಶೇ 2.5. ಹಾಫ್ ಕ್ರೌನ್ ಎಂದರೆ ಶೇ 12.5. ಸಹಕಾರಿ ಅಂಗಡಿ ತನ್ನ ಸದಸ್ಯರಿಗೆ ಕೊಡುವ ಲಾಭಾಂಶ ಪೌಂಡಿಗೆ ಇಷ್ಟು. ದಿವಾಳಿ ಎದ್ದವನು ಸಾಲ ಕೊಟ್ಟವರಿಗೆ ತೆತ್ತು ಕೈತೊಳೆದುಕೊಳ್ಳುವುದೂ ಪೌಂಡಿಗೆ ಇಷ್ಟು. ಮನೆಗಂದಾಯವೂ ಹಾಗೆಯೇ. ಈ ಮಾತಿನ ಗುಣವೇನೆಂದರೆ ಅದು ಯಾವುದರಲ್ಲಿ ಎಂಬುದನ್ನು ಬಾಯಲ್ಲೇ ಇಟ್ಟುಕೊಂಡಿರುತ್ತದೆ. ‘ಶೇ 20 ರಿಯಾಯಿತಿ’ ಎಂದಾಗ ಯಾವುದರ ಮೇಲೆ ಎಂದು ಕೇಳುವವರು ಕಡಿಮೆ. ‘ಪೌಂಡಿಗೆ ನಾಲ್ಕು ಶಿಲ್ಲಿಂಗ್’ ಎಂದಾಗ ಕೊಟ್ಟ ಪೌಂಡು ಕಣ್ಣೆದುರೇ ಇರುತ್ತದೆ.

ಬಡ್ಡಿಯಲ್ಲಿ ಇದರ ಚಮತ್ಕಾರ ನೋಡಬೇಕು. ವರ್ಷಕ್ಕೆ ಶೇ 5 ಬಡ್ಡಿ ಎಂದರೆ ಪೌಂಡಿಗೆ ವರ್ಷಕ್ಕೊಂದು ಶಿಲ್ಲಿಂಗ್; ಶಿಲ್ಲಿಂಗಿಗೆ ಹನ್ನೆರಡು ಪೆನ್ಸ್, ವರ್ಷಕ್ಕೆ ಹನ್ನೆರಡು ತಿಂಗಳು. ಹಾಗಾಗಿ ಪೌಂಡಿಗೆ ತಿಂಗಳಿಗೊಂದು ಪೆನ್ನಿ. ಮೂವತ್ತೈದು ಪೌಂಡ್ ಸಾಲ, ಏಳು ತಿಂಗಳು: ಮೂವತ್ತೈದೇಳು ಇನ್ನೂರ ನಲವತ್ತೈದು ಪೆನ್ಸ್, ಎಂದರೆ ಒಂದು ಪೌಂಡ್ ಐದು ಪೆನ್ಸ್. ಕಾಗದವೂ ಬೇಡ. ನಮ್ಮ ಊರುಗಳಲ್ಲಿ ‘ನೂರಕ್ಕೆ ಎರಡು ರೂಪಾಯಿ ಬಡ್ಡಿ’ ಎನ್ನುವವರೂ ಇದೇ ಜಾಡಿನವರು. ತಿಂಗಳಿಗೆ ಎಂಬುದು ಅದರಲ್ಲಿ ಅಡಗಿರುತ್ತದೆ. ಎರಡೇ ರೂಪಾಯಿ ಎಂದು ಹಗುರಾಗಿ ಕೇಳಿಸುವುದು ವರ್ಷಕ್ಕೆ ಶೇ 24 ಎಂದು ಬ್ಯಾಂಕಿನ ಭಾಷೆಯಲ್ಲಿ ಹೇಳಿದಾಗ ಎದೆ ಧಸಕ್ಕೆನ್ನುತ್ತದೆ.

ಡಿಕನ್ಸನ ‘ಡೇವಿಡ್ ಕಾಪರ್‌ಫೀಲ್ಡ್’ ಕಾದಂಬರಿಯ ಮಿಕಾಬರ್ ಸಾಲದಲ್ಲಿ ಮುಳುಗಿದ್ದೂ ಉಪದೇಶ ಬಿಡದ ಮನುಷ್ಯ. ವರ್ಷಕ್ಕೆ ಇಪ್ಪತ್ತು ಪೌಂಡ್ ಬರುವವನು ಆರು ಪೆನ್ಸ್ ಉಳಿಸಿದರೆ ಸುಖ, ಆರು ಪೆನ್ಸ್ ಮೀರಿದರೆ ದುಃಖ ಎಂಬುದು ಅವನ ಸೂತ್ರ. ಇಪ್ಪತ್ತು ಪೌಂಡಿನಲ್ಲಿ ಆರು ಪೆನ್ಸಿನ ಬಿಲ್ಲೆಗಳು ಎಂಟುನೂರು. ಅವನ ಸುಖದುಃಖದ ಗಡಿ ಎರಡೂ ಕಡೆಗೆ ಶೇ 0.125.

ಆದಾಯ ತೆರಿಗೆಯ ಇತಿಹಾಸವನ್ನೇ ಈ ಲೆಕ್ಕದಲ್ಲಿ ಓದಬಹುದು. ನೆಪೋಲಿಯನ್ ಕಾಲದ ಯುದ್ಧಕ್ಕೆ ಹಣ ಬೇಕಾಗಿ 1799ರಲ್ಲಿ ಪ್ರಧಾನಿ ವಿಲಿಯಂ ಪಿಟ್ ತಂದ ತೆರಿಗೆ, 200 ಪೌಂಡ್ ಮೀರಿದ ವರಮಾನಕ್ಕೆ ಪೌಂಡಿಗೆ ಎರಡು ಶಿಲ್ಲಿಂಗ್, ಅಂದರೆ ಶೇ 10. 1842ರಲ್ಲಿ ಪ್ರಧಾನಿ ರಾಬರ್ಟ್ ಪೀಲ್ ಮತ್ತೆ ಹೇರಿದಾಗ ಪೌಂಡಿಗೆ ಏಳೇ ಪೆನ್ಸ್. ಶೇ 3ಕ್ಕೂ ಕಡಿಮೆ. ಎರಡನೇ ಮಹಾಯುದ್ಧದ ನಡುವೆ, 1941ರಲ್ಲಿ, ಪೌಂಡಿಗೆ ಹತ್ತು ಶಿಲ್ಲಿಂಗ್: ಸರಿ ಅರ್ಧ. ಶ್ರೀಮಂತರಿಗೆ ಇದರ ಮೇಲೆ ಇನ್ನೊಂದು ತೆರಿಗೆ ಬೇರೆ. ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ 1966ರಲ್ಲಿ ಬರೆದ ‘ಟ್ಯಾಕ್ಸ್‌ಮನ್’ ಹಾಡಿನಲ್ಲಿ ಹಾಡುಗಾರನಿಗೆ ಒಂದು ಪಾಲಾದರೆ ತೆರಿಗೆಯವನಿಗೆ ಹತ್ತೊಂಬತ್ತು. ಇಪ್ಪತ್ತು ಶಿಲ್ಲಿಂಗಿನ ಪೌಂಡನ್ನು ಕಾಣದವರಿಗೆ ಆ ಹತ್ತೊಂಬತ್ತು ಎಲ್ಲಿಂದ ಬಂತೆಂದು ಹೊಳೆಯುವುದಿಲ್ಲ. ದಶಮಾಂಶ ಬಂದ ಮೊದಲ ವರ್ಷ, 1971–72ರಲ್ಲಿ, ಅಲ್ಲಿನ ತೆರಿಗೆ ದರ ಶೇ 38.75. ಇಂಥ ವಿಚಿತ್ರ ಸಂಖ್ಯೆಯನ್ನು ಯಾರು ಆರಿಸಿದರು? ಯಾರೂ ಇಲ್ಲ, ಏಳು ಶಿಲ್ಲಿಂಗ್ ಒಂಬತ್ತು ಪೆನ್ಸನ್ನು ಹೊಸ ಭಾಷೆಯಲ್ಲಿ ಬರೆದರೆ ಅಷ್ಟೇ ಬರುವುದು.

ಇಲ್ಲಿ ನಮ್ಮ ರೂಪಾಯಿಯ ಮಾತು ಬರಲೇಬೇಕು. 1899ರ ಕಾಯ್ದೆಯಿಂದ ಹದಿನೈದು ರೂಪಾಯಿಗೆ ಒಂದು ಪೌಂಡ್ ಎಂದು ನಿಗದಿಯಾಗಿ, ಮೊದಲ ಮಹಾಯುದ್ಧದವರೆಗೆ ಹೆಚ್ಚುಕಡಿಮೆ ಹಾಗೇ ನಡೆಯಿತು. ರೂಪಾಯಿಗೆ ಹದಿನಾರು ಪೆನ್ಸ್ ಆಯಿತು; ರೂಪಾಯಿಗೆ ಆಣೆಯೂ ಹದಿನಾರು. ಒಂದಾಣೆಗೆ ಸರಿಯಾಗಿ ಒಂದು ಪೆನ್ನಿ! ಲಂಡನ್ನಿಗೆ ಹಣ ಕಳಿಸುವ ಗುಮಾಸ್ತನಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇಕಿರಲಿಲ್ಲ. 1927ರಲ್ಲಿ ರೂಪಾಯಿಗೆ ಹದಿನೆಂಟು ಪೆನ್ಸ್ ಮಾಡಿದ ಮೇಲೆ ಪೌಂಡಿಗೆ ಹದಿಮೂರು ರೂಪಾಯಿ ಐದಾಣೆ ನಾಲ್ಕು ಪೈ ಆಗಿ ಆ ಸುಖ ಹೋಯಿತು.

ಆದರೆ ರೂಪಾಯಿಯ ಗುಣವೇ ಬೇರೆ. ಅದು ಅರ್ಧಿಸುವ ಹಣ: ಎಂಟಾಣೆ, ನಾಲ್ಕಾಣೆ, ಎರಡಾಣೆ, ಒಂದಾಣೆ. ಕೂಲಿಮಠಗಳಲ್ಲಿ ಕಾಲುಮಗ್ಗಿ, ಅರೆಮಗ್ಗಿ, ಮುಕ್ಕಾಲು ಮಗ್ಗಿ ಬಾಯಿಪಾಠ ಮಾಡಿಸುತ್ತಿದ್ದುದು ಅದಕ್ಕೇ. ಆಣೆಗೆ ಹನ್ನೆರಡು ಪೈ ಇದ್ದುದರಿಂದ ಮೂರನೇ ಒಂದು ಪಾಲು, ಐದಾಣೆ ನಾಲ್ಕು ಪೈ, ಹೇಗೋ ದಕ್ಕುತ್ತಿತ್ತು. ಐದನೇ ಒಂದು ಪಾಲು ಮಾತ್ರ ದಕ್ಕಲಿಲ್ಲ. 192 ಪೈಗಳು ಐದರಿಂದ ಭಾಗವಾಗುವುದಿಲ್ಲ. ಹಾಗಾಗಿ ‘ರೂಪಾಯಿಗೆ ಒಂದಾಣೆ’ ದಲ್ಲಾಳಿ ಎಂದರೆ ಶೇ 6.25, ಮತ್ತು ಶೇ 5 ಎಂಬುದಕ್ಕೆ ರೂಪಾಯಿಯಲ್ಲಿ ಸರಿಯಾದ ಚಿಲ್ಲರೆಯೇ ಇಲ್ಲ. ಹಂಚುವ ಲೆಕ್ಕಕ್ಕೂ ಶೇಕಡಾ ಲೆಕ್ಕಕ್ಕೂ ಒಗ್ಗುತ್ತಿದ್ದ ಪೌಂಡಿನ ಮುಂದೆ ನಮ್ಮದು ಈ ಒಂದು ವಿಷಯದಲ್ಲಿ ಸೋಲಬೇಕು. ಆದರೂ ಬೆಳೆಯ ಅಂದಾಜನ್ನು ಆಣೆವಾರಿ ಎಂದು ಕರೆದು, ‘ಈ ಸಲ ಎಂಟಾಣೆ ಬೆಳೆ’ ಎಂದು ಹೇಳಿದ ರೈತನಿಗೆ ಶೇಕಡಾ ಬಾರದೆಂದು ಯಾರು ಹೇಳುತ್ತಾರೆ? ನಾವು 1957ರ ಏಪ್ರಿಲ್ 1ರಂದು ನಯಾ ಪೈಸೆಗೆ ಬದಲಾದೆವು, ಬ್ರಿಟನ್ನಿಗಿಂತ ಸುಮಾರು ಹದಿನಾಲ್ಕು ವರ್ಷ ಮೊದಲು.

ಬ್ರಿಟನ್ ಹತ್ತರ ಲೆಕ್ಕಕ್ಕೆ ಮೊದಲ ಹೆಜ್ಜೆ ಇಟ್ಟದ್ದು 1849ರಲ್ಲಿ. ಆ ವರ್ಷದ ಫ್ಲಾರಿನ್ ನಾಣ್ಯದ ಮೇಲೆ ‘ಪೌಂಡಿನ ಹತ್ತನೇ ಒಂದು’ ಎಂದೇ ಕೆತ್ತಿದರು. ಎರಡನೇ ಹೆಜ್ಜೆಗೆ 122 ವರ್ಷ ಹಿಡಿಯಿತು. ದಕ್ಷಿಣ ಆಫ್ರಿಕಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಹತ್ತು ಶಿಲ್ಲಿಂಗನ್ನೇ ಹೊಸ ಮೂಲಮಾನ ಮಾಡಿಕೊಂಡವು. ಬ್ರಿಟನ್ ಪೌಂಡನ್ನು ಬಿಡಲೊಲ್ಲದೆ ಅದನ್ನೇ ನೂರು ಭಾಗ ಮಾಡಿತು. ಹೊಸ ಪೆನ್ನಿ 2.4 ಹಳೆಯ ಪೆನ್ಸಿಗೆ ಸಮನಾಯಿತು. ಅದು ತೀರ ದೊಡ್ಡದಾದ್ದರಿಂದ ಅರ್ಧ ಪೆನ್ನಿಯ ನಾಣ್ಯ ಬೇಕಾಯಿತು. ದಶಮಾಂಶದ ಮನೆಗೆ ಭಿನ್ನರಾಶಿ ಹಿತ್ತಿಲ ಬಾಗಿಲಿಂದ ಬಂದು 1984ರವರೆಗೆ ಕೂತಿತ್ತು.

ಅಂಗಡಿಗಳಿಗಾಗಿ ಹೊರಟ ಪರಿವರ್ತನಾ ಪಟ್ಟಿಯನ್ನು ಬಿಡಿಸಿ ನೋಡಿದರೆ ಶೇಕಡಾದ ಪಾಠವೇ ಅಲ್ಲಿದೆ. ಹಳೆಯ ಒಂದು ಪೆನ್ನಿಗೆ ಹೊಸ ಅರ್ಧ ಪೆನ್ನಿ, ಎರಡಕ್ಕೆ ಒಂದು, ಮೂರಕ್ಕೂ ಒಂದೇ, ನಾಲ್ಕಕ್ಕೆ ಒಂದೂವರೆ, ಐದಕ್ಕೆ ಎರಡು, ಆರಕ್ಕೆ ಎರಡೂವರೆ, ಏಳಕ್ಕೆ ಮೂರು, ಎಂಟಕ್ಕೆ ಮೂರೂವರೆ, ಒಂಬತ್ತಕ್ಕೂ ಹತ್ತಕ್ಕೂ ನಾಲ್ಕು, ಹನ್ನೊಂದಕ್ಕೆ ನಾಲ್ಕೂವರೆ. ಇದರಲ್ಲಿ ಆರು ಮಾತ್ರ ಕರಾರುವಾಕ್ಕು. ಒಂದು, ಎರಡು, ಏಳು, ಎಂಟು, ಒಂಬತ್ತರಲ್ಲಿ ಗಿರಾಕಿಗೆ ನಷ್ಟ. ಮೂರು, ನಾಲ್ಕು, ಐದು, ಹತ್ತು, ಹನ್ನೊಂದರಲ್ಲಿ ಲಾಭ. ನಷ್ಟವನ್ನೆಲ್ಲ ಕೂಡಿದರೆ ಮುಕ್ಕಾಲು ಹೊಸ ಪೆನ್ನಿ, ಲಾಭವನ್ನೆಲ್ಲ ಕೂಡಿದರೂ ಮುಕ್ಕಾಲೇ. ಪಟ್ಟಿ ಮಾಡಿದವರು ತಕ್ಕಡಿ ಹಿಡಿದೇ ಮಾಡಿದ್ದಾರೆ. ಹಾಗಿದ್ದೂ ಬೆಲೆ ಏರಿಸಿಬಿಟ್ಟರೆಂದು ಜನ ಗೊಣಗಿದರಲ್ಲ, ಅದೂ ಸುಳ್ಳಲ್ಲ. ಒಂದು ಪೆನ್ನಿಯ ಸಾಮಾನು ಅರ್ಧ ಹೊಸ ಪೆನ್ನಿಗೆ ಹೋದರೆ ಬೆಲೆ ಶೇ 20 ಏರಿದಂತೆ. ಮೂರು ಪೆನ್ಸಿನದು ಒಂದು ಹೊಸ ಪೆನ್ನಿಗೆ ಬಂದರೆ ಶೇ 20 ಇಳಿದಂತೆ. ಇಳಿದದ್ದನ್ನು ಯಾವ ಗಿರಾಕಿ ನೆನಪಿಟ್ಟುಕೊಳ್ಳುತ್ತಾನೆ?

ಹೊಸ ಹಣದಲ್ಲಿ ಶೇಕಡಾ ನೀರು ಕುಡಿದಷ್ಟು ಸುಲಭ. ಒಂದು ಪೆನ್ನಿಯೇ ಪೌಂಡಿನ ಶೇ 1. ಆದರೆ ಕಾಲುಪೌಂಡಿಗೆ ದಿನಬಳಕೆಯ ನಾಣ್ಯವಿಲ್ಲ, ಮೂರನೇ ಒಂದರ ಮಾತಂತೂ ಇಲ್ಲವೇ ಇಲ್ಲ. 2008ರಲ್ಲಿ ಮ್ಯಾಥ್ಯೂ ಡೆಂಟ್ ಎಂಬ ವಿನ್ಯಾಸಕಾರ ಒಂದು ಪೆನ್ನಿಯಿಂದ ಐವತ್ತು ಪೆನ್ಸಿನವರೆಗಿನ ಆರು ನಾಣ್ಯಗಳ ಮೇಲೆ ರಾಜಲಾಂಛನದ ಗುರಾಣಿಯನ್ನು ತುಂಡುತುಂಡಾಗಿ ಬಿಡಿಸಿದ. ಆರನ್ನೂ ಜೋಡಿಸಿಟ್ಟರೆ ಗುರಾಣಿ ಪೂರ್ತಿಯಾಗುತ್ತದೆ. ಚಿತ್ರವೇನೋ ಪೂರ್ತಿ, ಹಣ ಮಾತ್ರ ಎಂಬತ್ತೆಂಟು ಪೆನ್ಸ್. ಇನ್ನೊಂದು ಹತ್ತು, ಇನ್ನೊಂದು ಎರಡು ತಂದಿಡದೆ ಪೌಂಡು ತುಂಬದು. ಹನ್ನೆರಡು ಪೆನ್ಸಿನ ಶಿಲ್ಲಿಂಗ್ ಹೋದರೂ ಹನ್ನೆರಡರ ಮಗ್ಗಿ ಹೋಗಿಲ್ಲ. ಇಂಗ್ಲೆಂಡಿನ ನಾಲ್ಕನೇ ವರ್ಷದ ಮಕ್ಕಳಿಗೆ 2022ರಿಂದ ಕಡ್ಡಾಯವಾದ ಮಗ್ಗಿ ಪರೀಕ್ಷೆ ಹನ್ನೆರಡು ಹನ್ನೆರಡಲವರೆಗೂ ಕೇಳುತ್ತದೆ, ಒಂದೊಂದು ಪ್ರಶ್ನೆಗೆ ಆರೇ ಸೆಕೆಂಡು.

ಬಜೆಟ್ ದಿನ ಅಲ್ಲಿನ ಪತ್ರಿಕೆಗಳು ‘ತೆರಿಗೆಯಲ್ಲಿ ಒಂದು ಪೆನ್ನಿ ಕಡಿತ’ ಎಂದೇ ಈಗಲೂ ಬರೆಯುತ್ತವೆ; ಪೌಂಡಿಗೆ ಎಂಬುದು ಒಳಗೇ ಇರುತ್ತದೆ. ದರ ಪೌಂಡಿಗೆ ಇಪ್ಪತ್ತರಿಂದ ಹತ್ತೊಂಬತ್ತು ಪೆನ್ಸಿಗೆ ಇಳಿದರೆ ಶೇ 1 ಇಳಿದಂತೆ ಎನ್ನುವವರು ಬಹಳ. ಹಳೆಯ ದರದಲ್ಲಿ ಸಾವಿರ ಪೌಂಡ್ ತೆರಿಗೆ ಕಟ್ಟುತ್ತಿದ್ದವನು ಈಗ 950 ಕಟ್ಟುತ್ತಾನೆ. ಅವನ ತೆರಿಗೆ ಇಳಿದದ್ದು ಶೇ 5.

ಕೊಳ್ಳುವ ಸರಕಿನ ಮೇಲಿನ ತೆರಿಗೆಯಾದ ವ್ಯಾಟ್ ಅಲ್ಲಿಗೆ ಬಂದದ್ದು 1973ರ ಏಪ್ರಿಲ್‌ನಲ್ಲಿ, ಶೇ 10 ದರದಲ್ಲಿ. 1991ರಲ್ಲಿ ಅದು ಶೇ 17.5 ಆದಾಗ ಜನ ಬಾಯಿಲೆಕ್ಕದ ಹಾದಿ ಹುಡುಕಿಕೊಂಡರು: ಹತ್ತನೇ ಒಂದು, ಅದರ ಅರ್ಧ, ಆ ಅರ್ಧದ ಅರ್ಧ, ಮೂರನ್ನೂ ಕೂಡು. 80 ಪೌಂಡಿಗೆ ಎಂಟು, ನಾಲ್ಕು, ಎರಡು; ಹದಿನಾಲ್ಕು. ಸೇರಿಸುವುದೇನೋ ಸಲೀಸು. ಸೇರಿದ ಮೊತ್ತದಿಂದ ತೆರಿಗೆಯನ್ನು ಬೇರ್ಪಡಿಸಬೇಕಾದಾಗ 47ರಲ್ಲಿ 7 ಪಾಲು ಎಂಬ ಕೊಳಕು ಭಿನ್ನರಾಶಿ ಎದುರಾಗುತ್ತಿತ್ತು. 2011ರಿಂದ ದರ ಶೇ 20. ನೂರಕ್ಕೆ ಇಪ್ಪತ್ತು ಸೇರಿ ನೂರಿಪ್ಪತ್ತು, ಅದರಲ್ಲಿ ಇಪ್ಪತ್ತು ಎಂದರೆ ಆರನೇ ಒಂದು. ಹಳೆಯ ಬಟ್ಟೆ ಅಂಗಡಿಯವನ ಮೂರು ಶಿಲ್ಲಿಂಗ್ ನಾಲ್ಕು ಪೆನ್ಸ್ ಇದೇ. ಹೋಟೆಲಿನವರು 84 ಪೌಂಡಿನ ಬಿಲ್ಲು ಕೊಟ್ಟು ಇದರಲ್ಲಿ ವ್ಯಾಟ್ ಎಷ್ಟು ಎಂದು ಕೇಳಿದರೆ ಮೊಬೈಲ್ ತೆಗೆದು 84ರ ಶೇ 20 ಒತ್ತಿ 16.80 ಎನ್ನುವವರೇ ಹೆಚ್ಚು. ಆರರಿಂದ ಭಾಗಿಸಿದರೆ ಹದಿನಾಲ್ಕು, ಊಟದ್ದು ಎಪ್ಪತ್ತು.